ಗುಂಡಿಯ ಅಳತೆ ಎಲ್ಲಿ?

ಪ್ರಿಯರೆ,

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಯತೆಂಗಾ ಪ್ರಾಂತ್ಯದಲ್ಲಿ ಬರಡು ಬಿದ್ದ ನೆಲ ಮತ್ತೆ ಹೊಲವಾದ ಬಗೆಯ ನಿಮ್ಮ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದ ರೈತ ಯಾಕೂಬಾ ಸವಡೋಗೊ ಅವರ ಪರಿಚಯವೂ ಚೆನ್ನಾಗಿದೆ. ಆದರೆ ಎರಡು ವಾಕ್ಯ ನನಗೆ ಸಿಟ್ಟು ತರಿಸಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

"ರೈತರು ಗುಂಡಿ ತೋಡಿ ಗೊಬ್ಬರ ಹಾಕಿದರು, ನೆಲ ಹಸಿರಾಯಿತು."

ಎಷ್ಟು ದೊಡ್ಡ ಗುಂಡಿ? ಗುಂಡಿ ಎಂದರೆ ನಮ್ಮ ಓದುಗರ ಕಣ್ಣಿಗೆ ಬರುವುದು ತೆಂಗಿನ ಸಸಿಗೆ ತೋಡುವ ಮೂರಡಿ ಗುಂಡಿ. ಅಲ್ಲಿನ ಮೋಸಿ ಜನರು ತೋಡುವ 'ಜಾಯ್' ಎಂಬ ಗುಂಡಿ ಅದಲ್ಲ. ಅಗಲ 20ರಿಂದ 30 ಸೆಂ.ಮೀ., ಆಳ 10ರಿಂದ 20 ಸೆಂ.ಮೀ. ಒಂದು ಗುಂಡಿಯ ನಡುವಿನಿಂದ ಇನ್ನೊಂದರ ನಡುವಿಗೆ ಎರಡೂ ದಿಕ್ಕಿನಲ್ಲಿ 80 ಸೆಂ.ಮೀ. ಇಟ್ಟರೆ ಹೆಕ್ಟೇರಿಗೆ ಸುಮಾರು 15,600 ಗುಂಡಿ. ಗುಂಡಿಗೆ 300 ಗ್ರಾಂ ಒಣಗೊಬ್ಬರವೆಂದರೂ 4.7 ಟನ್ ಬೇಕು. "ಹಾಕಿದರು" ಎಂಬ ಒಂದೇ ಪದದಲ್ಲಿ ಇದನ್ನು ಮುಗಿಸಿದ್ದೀರಿ. ದನಕರು ಇಲ್ಲದವರು ಅಷ್ಟು ಗೊಬ್ಬರ ಎಲ್ಲಿಂದ ತರಬೇಕು?

ಯಾವಾಗ ತೋಡಿದರು? ಮಳೆಗೆ ಮುಂಚೆ, ಒಣ ತಿಂಗಳುಗಳಲ್ಲಿ. ಗಾಳಿ ಹೊತ್ತು ತರುವ ತರಗೆಲೆ, ನುಣುಪು ಮಣ್ಣು ಆ ಗುಂಡಿಗಳಲ್ಲಿ ನಿಲ್ಲುತ್ತವೆ. ಅಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದಲ್ಲಿ ಹಾಕಬೇಕು. ಮೇಲ್ಬದಿಗೆ ಹಾಕಿದರೆ ಹರಿದು ಬರುವ ನೀರಿಗೆ ಅದೇ ಅಡ್ಡ.

ಇನ್ನು ಗೆದ್ದಲು. ಅದನ್ನು ನೀವು ಪೀಡೆ ಎಂದಿದ್ದೀರಿ. ಇಲ್ಲಿ ಕೆಲಸ ಮಾಡುವುದೇ ಗೆದ್ದಲು! ಗೊಬ್ಬರದ ಆಸೆಗೆ ಬಂದು, ಸಿಮೆಂಟಿನಂತೆ ಹೆಪ್ಪುಗಟ್ಟಿದ ನೆಲದಲ್ಲಿ ಸುರಂಗ ಕೊರೆಯುತ್ತದೆ. ಮೊದಲ ಮಳೆ ಆ ದಾರಿಯಲ್ಲೇ ಕೆಳಗಿಳಿದು ಜೋಳ, ಸಜ್ಜೆಯ ಬೇರಿಗೆ ದಕ್ಕುತ್ತದೆ. ಮರಳು ನೆಲದಲ್ಲಿ ಗುಂಡಿ ಕುಸಿಯುತ್ತದೆ. ವರ್ಷಕ್ಕೆ 800 ಮಿ.ಮೀ. ದಾಟಿ ಮಳೆ ಬೀಳುವಲ್ಲಿ ನೀರು ನಿಂತು ಸಸಿ ಕೊಳೆಯುತ್ತದೆ. ಇದನ್ನು ಹೇಳದಿದ್ದರೆ ನಿಮ್ಮ ಲೇಖನ ಓದಿ ಮಲೆನಾಡಿನಲ್ಲೂ ಯಾರಾದರೂ ತೋಡಿಯಾರು.

ಎರಡನೆಯದು: "ಪಾರಂಪರಿಕ ಜ್ಞಾನ ಮತ್ತು ಆಧುನಿಕ ವಿಜ್ಞಾನ ಕೈಜೋಡಿಸಿದವು."

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ, ಇಂಥ ವಾಕ್ಯ ಕಂಡಲ್ಲೆಲ್ಲ ನನ್ನ ಹಿರಿಯರು ಅಂಚಿನಲ್ಲಿ "ಯಾವ ಜಾಗದಲ್ಲಿ?" ಎಂದು ಬರೆಯುತ್ತಿದ್ದರು. ನಾನೂ ಅದನ್ನೇ ಕೇಳುತ್ತೇನೆ. 1960ರ ದಶಕದ ಆರಂಭದಲ್ಲಿ ಇದೇ ಯತೆಂಗಾದಲ್ಲಿ ರೈತರನ್ನು ಕೇಳದೆ ಯಂತ್ರಗಳಿಂದ ಮಣ್ಣಿನ ಒಡ್ಡು ಹಾಕಿದರು. ರೈತರು ಅವನ್ನು ನೋಡಿಕೊಳ್ಳಲಿಲ್ಲ, ಒಡ್ಡುಗಳು ಹಾಳಾದವು. 1979ರ ನಂತರ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಬಂದದ್ದು ಮರ ಬೆಳೆಸಲು. ರೈತರಿಗೆ ಬೇಕಾದದ್ದು ಕಾಳು. ಯೋಜನೆಯೇ ದಿಕ್ಕು ಬದಲಿಸಿ, ಹೊಲದಲ್ಲಿ ನೀರು ಹಿಡಿಯುವತ್ತ ತಿರುಗಿತು.

ಕಲ್ಲು ಸಾಲಿಟ್ಟು ನೀರು ತಡೆಯುವುದು ಅಲ್ಲಿನ ರೈತರಿಗೆ ಗೊತ್ತಿತ್ತು. ಆದರೆ ಇಳಿಜಾರು ನೂರು ಅಡಿಗೆ ಒಂದೆರಡು ಅಡಿ ಮಾತ್ರ ಇದ್ದಲ್ಲಿ ಬರಿಗಣ್ಣು ಸೋಲುತ್ತದೆ. ಆಗ ಬಂದದ್ದು ನೀರು ತುಂಬಿದ ಪಾರದರ್ಶಕ ಪೈಪು, ನಮ್ಮ ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಹಿಡಿಯುವಂಥದೇ. ಹತ್ತಿಪ್ಪತ್ತು ಮೀಟರ್ ಪೈಪಿನ ಎರಡು ತುದಿಯನ್ನು ಒಂದೇ ಅಳತೆಯ ಗುರುತುಗಳಿರುವ ಎರಡು ಕೋಲಿಗೆ ಕಟ್ಟಬೇಕು. ಮೊದಲು ಕೋಲುಗಳನ್ನು ಪಕ್ಕಪಕ್ಕ ನಿಲ್ಲಿಸಿ ನೀರು ಒಂದೇ ಗುರುತಿಗೆ ನಿಲ್ಲುವುದೇ ನೋಡಬೇಕು. ಆಮೇಲೆ ಒಂದು ಕೋಲು ನಿಂತಲ್ಲೇ ಇರಲಿ. ಎರಡನೆಯದನ್ನು ನೀರು ಸಮಕ್ಕೆ ಬರುವ ತನಕ ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಸಿ, ಅಲ್ಲಿ ಗುರುತು ಹಾಕಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕವೆಲ್ಲ ತಪ್ಪು.

ಆ ಗುರುತುಗಳನ್ನು ಸೇರಿಸಿದ ಗೆರೆಗುಂಟ ಕೈಯಗಲ ಚರಂಡಿ ತೆಗೆದು ದೊಡ್ಡ ಕಲ್ಲನ್ನು ಹುಗಿಯಬೇಕು. ಬರೀ ನೆಲದ ಮೇಲಿಟ್ಟರೆ ನೀರು ಅಡಿಯಿಂದ ಕೊರೆಯುತ್ತದೆ. ಗೆರೆ ಸಮಪಾತಳಿಯಿಂದ ತಪ್ಪಿದರೆ ತಗ್ಗಿನಲ್ಲಿ ನೀರು ಕೂಡಿ ಸಾಲು ಒಡೆದು, ಕೆಳಗಿನ ಜಾಯ್‌ಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ.

ನಿಮ್ಮ "ಕೈಜೋಡಿಸಿದವು" ತೆಗೆದು ಅಲ್ಲಿ ಈ ಪೈಪು ಇಡಿ. ಗೊಬ್ಬರದ ಲೆಕ್ಕವನ್ನೂ ಸೇರಿಸಿ ಮತ್ತೆ ಕಳಿಸಿ, ಕಾಯುತ್ತೇನೆ.

ಇಂತಿ,
ಸಂಪಾದಕ