ಕವಡೆಯ ವಾಸನೆ ಹೋಗಬೇಕು, ಹೊಳಪು ಉಳಿಯಬೇಕು: ಏನು ಮಾಡಲಿ?

ಲಕ್ಷದ್ವೀಪದ ದಂಡೆಯಲ್ಲಿ ಆಯ್ದು ತಂದ ಕವಡೆಗಳು ನಾರುತ್ತಿವೆ, ವಿನೆಗರ್‌ನಲ್ಲಿ ನೆನೆಹಾಕಲೇ, ಕುದಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. ಕವಡೆಯೆಂದರೆ ಸುಣ್ಣದ ಚಿಪ್ಪು. ವಿನೆಗರ್, ನಿಂಬೆರಸ, ಹುಣಸೆಹುಳಿ ಯಾವುದು ತಾಗಿದರೂ ಮೇಲ್ಪದರ ಕರಗಿ ಮಂಕಾಗುತ್ತದೆ. ಕುದಿನೀರಿಗೆ ಹಾಕಿದರೆ ಕೂದಲೆಳೆಯಂಥ ಬಿರುಕು ಬೀಳಬಹುದು.

ಆ ಹೊಳಪು ಚಿಪ್ಪಿನೊಳಗಿದ್ದ ಹುಳುವೇ, ಅಂದರೆ ಕಡಲ ಬಸವನಹುಳುವೇ, ಬಳಿದದ್ದು. ಬದುಕಿದ್ದಾಗ ಅದು ತನ್ನ ಮೈಯ ತೆಳುವಾದ ಮಡಿಕೆಯನ್ನು ಎರಡೂ ಬದಿಯಿಂದ ಹೊರಚಾಚಿ ಚಿಪ್ಪನ್ನೆಲ್ಲ ಹೊದ್ದುಕೊಂಡು, ಮೇಲಿಂದ ಪದರ ಪದರವಾಗಿ ಸುಣ್ಣ ಹಚ್ಚುತ್ತದೆ. ಪಾಚಿ ಕೂರದಿರುವುದೂ ಇದರಿಂದಲೇ. ಸತ್ತ ಮೇಲೆ ಕಳೆದುಹೋದ ಹೊಳಪನ್ನು ಮತ್ತೆ ತರಲು ಸಾಧ್ಯವಿಲ್ಲ.

ವಾಸನೆಗೆ ಕಾರಣ ಒಳಸುರುಳಿಯಲ್ಲಿ ಸಿಕ್ಕಿಕೊಂಡ ಮಾಂಸ. ಕವಡೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೊದಲು ಫ್ರಿಜ್‌ನ ಕೆಳಗಿನ ಅರೆಯಲ್ಲಿ ಒಂದು ದಿನ, ಆಮೇಲೆ ಫ್ರೀಜರ್‌ನಲ್ಲಿ ಎರಡು ಮೂರು ದಿನ ಇಡಿ. ಹೊರತೆಗೆಯುವಾಗಲೂ ಇದೇ ನಿಧಾನ: ಒಂದು ದಿನ ಕೆಳಗಿನ ಅರೆ, ಆಮೇಲೆ ಹೊರಗೆ. ಹೆಪ್ಪುಗಟ್ಟಿ ಕರಗಿದ ಮಾಂಸ ಚಿಪ್ಪಿನ ಹಿಡಿತ ಬಿಡುತ್ತದೆ. ಬಾಯಿಯ ಸೀಳಿಗೆ ನಲ್ಲಿನೀರನ್ನು ಜೋರಾಗಿ ಬಿಟ್ಟು, ಕೊಕ್ಕೆಯಂತೆ ಬಗ್ಗಿಸಿದ ಪಿನ್ನಿನಿಂದ ಎಳೆಯಿರಿ. ಸೀಳಿನ ಅಂಚಿನ ಹಲ್ಲಿನಂಥ ಏಣುಗಳು ಮುರಿಯದಂತೆ ನೋಡಿಕೊಳ್ಳಿ.

ಉಳಿದ ಚೂರು ಬರದಿದ್ದರೆ ದೊಡ್ಡ ಬಕೆಟ್ ನೀರಿನಲ್ಲಿ ಹಾಕಿ, ದಿನಕ್ಕೆ ಎರಡು ಸಲ ನೀರು ಬದಲಿಸುತ್ತ ಒಂದು ವಾರ ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ: ನೀರು ಬದಲಿಸದಿದ್ದರೆ ಕೊಳೆತ ರಸವೇ ಹೊಳಪನ್ನು ತಿನ್ನುತ್ತದೆ. ಮಾಲ್ಡೀವ್ಸ್‌ನಲ್ಲಿ ಹಿಂದೆ ಹಣವಾಗಿ ಬಂಗಾಳಕ್ಕೆ ಹೋಗುತ್ತಿದ್ದ ಕವಡೆಗಳನ್ನು ಗುಂಡಿಯಲ್ಲಿ ಹೂತು ಮಾಂಸ ಕೊಳೆಸುತ್ತಿದ್ದರೆಂದು 14ನೇ ಶತಮಾನದಲ್ಲಿ ಅಲ್ಲಿದ್ದ ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಎಣಿಸಿ ಕೊಡುವ ಹಣಕ್ಕೆ ಅದು ಸಾಕಿತ್ತು. ನಿಮಗೆ ಹೊಳಪು ಬೇಕು, ಹೂಳಬೇಡಿ.

ಕೊನೆಗೆ ನೆರಳಿನಲ್ಲಿ ಬಾಯಿ ಕೆಳಗೆ ಮಾಡಿ ಒಣಗಿಸಿ. ಬಿಸಿಲಿಗೆ ಹಳದಿ ಬಣ್ಣ ಮಾಸುತ್ತದೆ. ಬೇಕಿದ್ದರೆ ಬಟ್ಟೆಗೆ ಒಂದು ಹನಿ ಬೇಬಿ ಆಯಿಲ್ ಹಾಕಿ ಒರೆಸಿ.

ಬೆನ್ನಿನ ಮೇಲೆ ನೇರಳೆ ಕಾಣುತ್ತಿದ್ದರೆ ಅದು ಕೊಳೆಯಲ್ಲ, ಮೇಲ್ಪದರ ಸವೆದು ಒಳಬಣ್ಣ ಹೊರಬಂದದ್ದು, ಉಜ್ಜಿದಷ್ಟೂ ಹೆಚ್ಚಾಗುತ್ತದೆ. ಅಂಚು ಗಂಟುಗಂಟಾಗಿದ್ದರೆ ಹಣದ ಕವಡೆ, ವೈಜ್ಞಾನಿಕ ಹೆಸರು ಮೊನೆಟೇರಿಯಾ ಮೊನೆಟಾ. ಬೆನ್ನಿನ ಮೇಲೆ ಕಿತ್ತಳೆ ಬಳೆಯಿದ್ದರೆ ಅದರ ಹತ್ತಿರದ ಬಂಧು ಮೊನೆಟೇರಿಯಾ ಆನ್ಯುಲಸ್.

ಇಷ್ಟು ಮಾಂಸವಿದೆಯೆಂದರೆ ಕೆಲವನ್ನು ಜೀವಂತವಾಗಿಯೇ ಆಯ್ದಿರಬಹುದು. ಮುಂದಿನ ಸಲ ಬಾಯಿಯ ಸೀಳನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಮೈ ಕಂಡರೆ ಅದೇ ಕಲ್ಲಿನಡಿ ವಾಪಸ್ ಬಿಡಿ, ಮಗುಚಿದ ಕಲ್ಲನ್ನೂ ಮೊದಲಿದ್ದಂತೆ ಕೂರಿಸಿ. ಹೆಣ್ಣು ಕವಡೆ ಮೊಟ್ಟೆಗಳ ಮೇಲೆ ಕಾವಲು ಕೂರುವುದು ಆ ಕಲ್ಲಿನ ಅಡಿಯಲ್ಲೇ.