ಮಾಳಿಗೆಯ ಮೇಲಿನ ಮೂರು ಗಿಡ: ಸಂಪಾದಕರ ಉತ್ತರ

ಆಳಂದ ತಾಲ್ಲೂಕಿನ ತಾಯಿಯೊಬ್ಬರು ಬರೆದಿರುವ ಪತ್ರದ ಸಾರ ಇದು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿರುವ ಇಪ್ಪತ್ಮೂರು ವರ್ಷದ ಮಗ ಮಾಳಿಗೆಯ ಮೇಲೆ, ಬಣ್ಣದ ಖಾಲಿ ಡಬ್ಬಿಗಳಲ್ಲಿ ಮೂರು ಗಾಂಜಾ ಗಿಡ ಬೆಳೆಸಿದ್ದಾನೆ. ‘ಮಾರುವುದಿಲ್ಲ, ನನಗಷ್ಟೇ, ಒಂದು ಕಿಲೋ ಒಳಗಿದ್ದರೆ ಕೇಸಾಗುವುದಿಲ್ಲ, ಜರ್ಮನಿಯಲ್ಲಿ ಮನೆಯಲ್ಲೇ ಬೆಳೆಯುತ್ತಾರೆ’ ಎನ್ನುತ್ತಾನೆ. ಮನೆ ಯಜಮಾನರ, ಅಂದರೆ ಆ ತಾಯಿಯ ಪತಿಯ, ಹೆಸರಿನಲ್ಲಿದೆ. ಯಾರಿಗೆ ಏನಾದೀತು, ಗಿಡ ಕಿತ್ತರೆ ಮುಗಿಯುತ್ತದೆಯೇ ಎಂದು ಅವರು ಕೇಳಿದ್ದಾರೆ.

ತಾಯಿ, ಜರ್ಮನಿಯ ಮಾತು ಸುಳ್ಳಲ್ಲ. 2024ರ ಏಪ್ರಿಲ್‌ನಿಂದ ಅಲ್ಲಿನ ವಯಸ್ಕರು ಸ್ವಂತ ಬಳಕೆಗೆ ಮೂರು ಗಿಡ ಬೆಳೆಯಬಹುದು. ಆದರೆ ನಿಮ್ಮ ಮಾಳಿಗೆಗೆ ಅನ್ವಯಿಸುವುದು ನಮ್ಮ ದೇಶದ ಮಾದಕ ವಸ್ತು ತಡೆ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ. ಅದರ 8ನೇ ಕಲಂ ಯಾವುದೇ ಗಾಂಜಾ ಗಿಡ ಬೆಳೆಯುವುದನ್ನು ನಿಷೇಧಿಸುತ್ತದೆ. 20ನೇ ಕಲಮಿನ ಮೊದಲ ಭಾಗ ಅದಕ್ಕೆ ಹತ್ತು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಇಷ್ಟು ಗಿಡದವರೆಗೆ ವಿನಾಯಿತಿ ಎಂಬ ಲೆಕ್ಕ ಅಲ್ಲಿಲ್ಲ, ಸ್ವಂತಕ್ಕೋ ಮಾರಾಟಕ್ಕೋ ಎಂಬ ಭೇದವೂ ಇಲ್ಲ.

ಒಂದು ಕಿಲೋದ ಮಾತಿನಲ್ಲಿ ಎರಡು ತಪ್ಪುಗಳಿವೆ. ಒಂದು ಕಿಲೋವರೆಗಿನ ಗಾಂಜಾವನ್ನು ‘ಅಲ್ಪ ಪ್ರಮಾಣ’ ಎಂದು ಪರಿಗಣಿಸಲಾಗುತ್ತದೆ ನಿಜ, ಆದರೆ ಅದಕ್ಕೂ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಅದಕ್ಕಿಂತ ಮುಖ್ಯವಾದದ್ದು, ಆ ತೂಕದ ಲೆಕ್ಕ ಇರುವುದು ಕೈಯಲ್ಲಿಟ್ಟುಕೊಂಡ ಮಾಲಿಗೆ, ಬೆಳೆದ ಗಿಡಕ್ಕಲ್ಲ. ‘ಇನ್ನೂ ಹೂ ಬಿಟ್ಟಿಲ್ಲ, ಎಲೆ ಚೆಂಡು ಹೂವಿನ ಎಲೆಯ ಹಾಗಿದೆ’ ಎಂದು ಬರೆದಿದ್ದೀರಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳು ಮಾತ್ರ. ಆದರೆ ನಿಷೇಧ ಗಿಡಕ್ಕೇ ಇರುವುದರಿಂದ, ಹೂ ಬಿಡದ ಗಿಡವೂ ಅಪರಾಧವೇ.

ನಮ್ಮ ಭಾಗದಲ್ಲಿ ಈ ಪ್ರಕರಣಗಳು ಹೆಚ್ಚಾಗಿ ತೊಗರಿ, ಹತ್ತಿ, ಕಬ್ಬಿನ ಹೊಲಗಳಿಂದ ಬರುತ್ತವೆ. ಅಂಥದೊಂದು ಪಂಚನಾಮೆ ನಡೆಯುವಾಗ ನಾನು ಹೊಲದ ಬದುವಿನಲ್ಲಿ ನಿಂತಿದ್ದೆ. ಆಳೆತ್ತರದ ತೊಗರಿ ಸಾಲುಗಳ ನಡುವಿನಿಂದ ಬೇರುಸಮೇತ ಕಿತ್ತ ಗಿಡಗಳನ್ನು, ಬೇರಿಗಂಟಿದ ಕರಿಮಣ್ಣನ್ನು ಸರಿಯಾಗಿ ಕೊಡವದೆಯೇ ಕಟ್ಟು ಕಟ್ಟಿ ತೂಗುತ್ತಿದ್ದರು. ಹೂತುದಿ ಬೇರ್ಪಡಿಸದೆ ಕಾಂಡ, ಬೇರು, ಎಲೆ ಎಲ್ಲವನ್ನೂ ಸೇರಿಸಿ ತೂಗಿದ್ದನ್ನು ಉಚ್ಚ ನ್ಯಾಯಾಲಯಗಳು ಅನೇಕ ಜಾಮೀನು ಅರ್ಜಿಗಳಲ್ಲಿ ಪ್ರಶ್ನಿಸಿವೆ. ಆ ಪ್ರಶ್ನೆ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ವಾಣಿಜ್ಯ ಪ್ರಮಾಣದ, ಅಂದರೆ ಇಪ್ಪತ್ತು ಕಿಲೋ ಮೀರಿದ ಆರೋಪ ಹೊತ್ತವರಿಗೆ ಒದಗುವ ವಾದ. ಬೆಳೆದ ಆರೋಪದಿಂದ ನಿಮ್ಮ ಮಗನನ್ನು ಅದು ಬಿಡಿಸದು. ಬೀಜ ಬಿದ್ದು ತಾನೇ ಹುಟ್ಟಿದ ಗಿಡವನ್ನು ‘ಬೆಳೆದದ್ದು’ ಎನ್ನಲಾಗದು ಎಂಬ ವಾದವೂ ಉಂಟು. ಡಬ್ಬಿಗೆ ಮಣ್ಣು ತುಂಬಿ ದಿನಾ ನೀರು ಹಾಕಿದವನಿಗೆ ಆ ದಾರಿಯೂ ಇಲ್ಲ.

ಇನ್ನು ಯಜಮಾನರ ವಿಷಯ. ಮನೆಯ ಮಾಲೀಕರು ಗೊತ್ತಿದ್ದೂ ಇಂಥದಕ್ಕೆ ಜಾಗ ಬಿಟ್ಟುಕೊಟ್ಟರೆ ಅವರಿಗೂ ಅದೇ ಶಿಕ್ಷೆ ಎನ್ನುತ್ತದೆ 25ನೇ ಕಲಂ. ಮನೆಯನ್ನು ವಾಸಕ್ಕೆ ಬಳಸುವವರಿಗೂ ಈ ಮಾತು ತಟ್ಟುವುದರಿಂದ ನೀವೂ ಇದರಿಂದ ಪೂರ್ತಿ ಹೊರಗಿಲ್ಲ. ಮಗನಿಗೆ ಹದಿನೆಂಟು ದಾಟಿರುವುದರಿಂದ, ಅಪರಾಧ ರುಜುವಾತಾದರೆ ಮೊದಲ ತಪ್ಪೆಂದು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವುದಕ್ಕೆ 33ನೇ ಕಲಂ ಅವಕಾಶ ಕೊಡುವುದಿಲ್ಲ. ಠಾಣೆಯಲ್ಲಿಯೇ ಜಾಮೀನು ಸಿಗುವ ಅಪರಾಧವೂ ಇದಲ್ಲ.

ಗಿಡ ಕಿತ್ತರೂ, ಇಷ್ಟು ದಿನ ಬೆಳೆದದ್ದು ಕಾನೂನಿನ ಕಣ್ಣಿನಲ್ಲಿ ಅಳಿಯುವುದಿಲ್ಲ. ಹಾಗೆಂದು ಇನ್ನೊಂದು ದಿನವೂ ಬೆಳೆಸತಕ್ಕದ್ದಲ್ಲ. ಗಿಡವನ್ನು ಏನು ಮಾಡಬೇಕೆಂಬುದನ್ನು ನಿಮ್ಮ ಹೆಸರು, ಮನೆಯ ವಿವರ ಎಲ್ಲ ತಿಳಿದು ಹೇಳಬಲ್ಲ ವಕೀಲರ ಬಾಯಿಂದಲೇ ಕೇಳಿರಿ. ಮಹಿಳೆಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ, ಇಲ್ಲವೇ 15100ಕ್ಕೆ ಕರೆ ಮಾಡಿರಿ. ಮಗನಿಗೆ ಸೇದುವ ಚಟ ಬಿಡಿಸಲು ನೆರವು ಬೇಕಿದ್ದರೆ 14446 ಇದೆ. ಈ ಉತ್ತರವನ್ನು ಅವನ ಕೈಗೇ ಕೊಟ್ಟು ಓದಿಸಿರಿ. ನಿಮ್ಮ ಪತ್ರದಲ್ಲಿ ಅವನ ಹೆಸರಿದ್ದ ಸಾಲನ್ನು ನಾನು ಆಗಲೇ ಕತ್ತರಿಸಿ ತೆಗೆದಿದ್ದೇನೆ.