ಹೊಸ ಅಚ್ಚಿಗೆ ಆರ್ಡರ್ ಹೋಗಿದೆಯೇ?

ಪ್ರಶ್ನೆ: ಆಟಿಕೆ ತಯಾರಿಸುವ ದೊಡ್ಡ ಕಂಪನಿಯೊಂದರ ವಿನ್ಯಾಸ ವಿಭಾಗದಲ್ಲಿ 11 ವರ್ಷಗಳಿಂದ ಇದ್ದೇನೆ. ಒಂದೇ ವರ್ಷದಲ್ಲಿ ಎರಡು ಬಾರಿ ಉದ್ಯೋಗ ಕಡಿತವಾಗಿದೆ. ಇನ್ನು ಮುಂದೆ ಆಟಿಕೆ ಕಡಿಮೆ, ಡಿಜಿಟಲ್ ಆಟ ಮತ್ತು ಪರವಾನಗಿ ವ್ಯವಹಾರ ಹೆಚ್ಚು ಎನ್ನುತ್ತಿದ್ದಾರೆ. ಈ ಸುತ್ತಿನಲ್ಲಿ ನಾನು ಉಳಿದುಕೊಂಡಿದ್ದೇನೆ. ಕಂಪನಿ ಚೇತರಿಸಿಕೊಳ್ಳುತ್ತಿದೆಯೋ, ಮುಳುಗುತ್ತಿದೆಯೋ ತಿಳಿಯುವುದು ಹೇಗೆ?

ಉತ್ತರ: ಎಷ್ಟು ಜನರನ್ನು ತೆಗೆದರು ಎಂಬ ಲೆಕ್ಕದಿಂದ ಅದು ತಿಳಿಯುವುದಿಲ್ಲ. ಆಟಿಕೆಗೆ ಆಕಾರ ಕೊಡುವ ಅಚ್ಚಿನ (ಮೋಲ್ಡ್) ವಿಭಾಗದವರನ್ನು ಮಾತಿಗೆಳೆದು, ಮುಂದಿನ ವರ್ಷಕ್ಕೆ ಹೊಸ ಅಚ್ಚುಗಳಿಗೆ ಆರ್ಡರ್ ಹೋಗಿದೆಯೇ ಎಂದು ಕೇಳಿ. ಪ್ಲಾಸ್ಟಿಕ್ ಆಟಿಕೆಯ ಉಕ್ಕಿನ ಅಚ್ಚು ಸಿದ್ಧವಾಗಲು ತಿಂಗಳುಗಳೇ ಬೇಕು. ಹಣವನ್ನು ಮೊದಲೇ ಸುರಿಯಬೇಕು, ಗೊಂಬೆಗಳು ರಾಶಿ ರಾಶಿಯಾಗಿ ಮಾರಾಟವಾದ ಮೇಲಷ್ಟೇ ಅದು ಮರಳುತ್ತದೆ. ಹಳೆಯ ಅಚ್ಚಿನಲ್ಲೇ ಕಾರು ತೆಗೆದು, ಬಣ್ಣ ಬದಲಿಸಿ, ಬಾಗಿಲಿಗೊಂದು ಸ್ಟಿಕ್ಕರ್ ಅಂಟಿಸಿ ‘ಹೊಸ ಸರಣಿ’ ಎನ್ನುವುದು ಒಂದು ವರ್ಷದ ಮಟ್ಟಿಗೆ ಜಾಣತನ. ಮೂರನೆಯ ವರ್ಷವೂ ಅದೇ ನಡೆದರೆ ನಿಮ್ಮ ಅರ್ಜಿ ಸಿದ್ಧವಿರಲಿ.

ಕಡಿತ ಮಾಡಿಯೂ ಎದ್ದು ನಿಂತವರಿದ್ದಾರೆ. ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಮಾಡುವ ಡೆನ್ಮಾರ್ಕಿನ ಲೆಗೊ 2003–04ರಲ್ಲಿ ಭಾರಿ ನಷ್ಟದಲ್ಲಿತ್ತು. 2004ರಲ್ಲಿ ಮುಖ್ಯಸ್ಥರಾದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ನೌಕರರನ್ನೂ ಕಡಿಮೆ ಮಾಡಿದರು, ನಿಜ. ಆದರೆ ಅಸಲಿ ಕತ್ತರಿ ಬಿದ್ದದ್ದು ಬಿಡಿಭಾಗಗಳ ಮೇಲೆ. 12,000ಕ್ಕೂ ಹೆಚ್ಚಿದ್ದ ಬಿಡಿಭಾಗಗಳ ಬಗೆ 7,000ದ ಆಸುಪಾಸಿಗೆ ಇಳಿಯಿತು. ಒಂದು ಪುಟ್ಟ ಟೋಪಿ ಹೊಸ ಆಕಾರದಲ್ಲಿ ಬೇಕೆಂದರೆ ಅದಕ್ಕೊಂದು ಅಚ್ಚು, ಗೋದಾಮಿನಲ್ಲಿ ಬಣ್ಣಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಲೆಕ್ಕ. 2005ರಲ್ಲಿ ಲೆಗೊಲ್ಯಾಂಡ್ ಎಂಬ ಮನರಂಜನಾ ಉದ್ಯಾನಗಳ ಬಹುಪಾಲನ್ನೂ ಮಾರಿದರು. ಮಾರದೆ ಉಳಿಸಿಕೊಂಡದ್ದು ಇಟ್ಟಿಗೆಯನ್ನು.

ಇನ್ನು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೋ. ಮನರಂಜನೆಯಲ್ಲಿ ದೊಡ್ಡದಾಗಿ ಬೆಳೆಯುವ ಆಸೆಯಿಂದ 2019ರಲ್ಲಿ ಇಒನ್ ಎಂಬ ಕಂಪನಿಯನ್ನು ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರಲ್ಲಿ ಅದರ ಚಲನಚಿತ್ರ–ಟಿವಿ ವ್ಯವಹಾರವನ್ನು ಸುಮಾರು 50 ಕೋಟಿ ಡಾಲರ್‌ಗೆ ಲಯನ್ಸ್‌ಗೇಟ್ ಎಂಬ ಚಿತ್ರ ಕಂಪನಿಗೆ ಮಾರಿತು. ಮಕ್ಕಳ ಕಾರ್ಟೂನಿನ ಪೆಪ್ಪಾ ಪಿಗ್‌ನಂಥ ಪಾತ್ರಗಳನ್ನು ತನ್ನಲ್ಲೇ ಇಟ್ಟುಕೊಂಡಿತು ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಅನ್ಯಾಯವಾಗುತ್ತದೆ. ಅದೇ ವರ್ಷ ಜನವರಿಯಲ್ಲಿ ಸುಮಾರು 1,000 ಹುದ್ದೆ, ಡಿಸೆಂಬರ್‌ನಲ್ಲಿ ಮತ್ತೆ 1,100 ಹುದ್ದೆಗಳ ಕಡಿತ ಘೋಷಣೆಯಾಯಿತು, ಅದೂ ಕ್ರಿಸ್‌ಮಸ್‌ಗೆ ಎರಡು ವಾರವಿರುವಾಗ. ಲಾಭ ತರುತ್ತಿದ್ದ, ಕಾರ್ಡ್ ಆಟಗಳನ್ನು ರೂಪಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ವಿಭಾಗದಲ್ಲೂ ಕೆಲಸ ಹೋಯಿತು. ನೆಗಡಿಯೆಂದು ಮೂಗು ಕೊಯ್ದುಕೊಂಡರೆ ಮುಂದೆ ಉಸಿರಾಡುವುದು ಯಾವುದರಿಂದ? ನಿಮ್ಮಲ್ಲಿ ಯಾರನ್ನು ತೆಗೆದರು ಎಂಬುದನ್ನು ಇದೇ ಕಣ್ಣಿನಿಂದ ನೋಡಿ. ದಾಸ್ತಾನು ತಪ್ಪಾಗಿ ಅಂದಾಜಿಸಿದವರು ಉಳಿದು, ಗೊಂಬೆಯ ಕೀಲು ಎಲ್ಲಿ ಮುರಿಯುತ್ತದೆಂದು ಬಲ್ಲವರು ಹೋಗಿದ್ದರೆ ನಾನು ಆ ಕಾರ್ಯತಂತ್ರವನ್ನು ನಂಬುವುದಿಲ್ಲ.

ಪರವಾನಗಿಯ ಮಾತಿನಲ್ಲೂ ಒಂದು ಸೂಕ್ಷ್ಮವಿದೆ. ತನ್ನ ಪಾತ್ರಗಳನ್ನು ಬೇರೆಯವರಿಗೆ ಕೊಟ್ಟು ರಾಯಲ್ಟಿ ಪಡೆಯುವುದು ಬೇರೆ, ಬೇರೆಯವರ ಪಾತ್ರಗಳಿಗೆ ರಾಯಲ್ಟಿ ಕಟ್ಟಿ ಗೊಂಬೆ ಮಾಡುವುದು ಬೇರೆ. ಡಿಸ್ನಿ ರಾಜಕುಮಾರಿಯರ ಗೊಂಬೆ 2016ರಲ್ಲಿ ಬಾರ್ಬಿ ಗೊಂಬೆಯ ಕಂಪನಿ ಮ್ಯಾಟೆಲ್‌ನ ಕೈತಪ್ಪಿ ಹ್ಯಾಸ್ಬ್ರೋಗೆ ಹೋಯಿತು, 2023ರಲ್ಲಿ ಮತ್ತೆ ಮ್ಯಾಟೆಲ್‌ಗೇ ಬಂತು. ಒಪ್ಪಂದ ಮುಗಿದ ದಿನ ಕಪಾಟು ಖಾಲಿ. ನಿಮ್ಮ ಕಂಪನಿ ಇವೆರಡರಲ್ಲಿ ಯಾವುದನ್ನು ಹೇಳುತ್ತಿದೆ ಎಂದು ಕೇಳಿ ತಿಳಿದುಕೊಳ್ಳಿ. ಬಾರ್ಬಿ ಚಿತ್ರ ಗೆದ್ದಿತೆಂದು ಎಲ್ಲರೂ ಸಿನಿಮಾದತ್ತ ಓಡುವುದು ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ.

ಸ್ವಯಂ ನಿವೃತ್ತಿಯ ಪ್ಯಾಕೇಜ್ ಮುಂದಿಟ್ಟರೆ ಆ ದಿನವೇ ಸಹಿ ಮಾಡಬೇಡಿ. ಅದರಲ್ಲಿ ಮೊತ್ತಕ್ಕಿಂತ ಮೊದಲು ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತು ಇದೆಯೇ, ಇದ್ದರೆ ಎಷ್ಟು ಕಾಲ ಎಂದು ಓದಿ. ಮಾರುಕಟ್ಟೆಗೆ ಬಾರದೆ ಕಪಾಟಿನಲ್ಲೇ ಉಳಿದ ವಿನ್ಯಾಸಗಳು ಕಂಪನಿಯ ಸ್ವತ್ತಾಗಿರುತ್ತವೆ. ಅವನ್ನು ಸಂದರ್ಶನದಲ್ಲಿ ತೋರಿಸಬಹುದೇ ಎಂಬುದಕ್ಕೆ, ಇನ್ನೂ ಒಳಗಿರುವಾಗಲೇ, ಲಿಖಿತ ಅನುಮತಿ ಕೇಳಿ.